ಬೈಕ್ ಮಾರಿ ವಿಮಾನ ಹತ್ತುವ ಮುನ್ನ

ಸದಾಶಿವ ಪೇಠೆಯಲ್ಲಿ ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಯಾರೂ ಬೈಕ್ ಸ್ಟಾರ್ಟ್ ಮಾಡಬಾರದು. ನನ್ನ ಹಿಮಾಲಯನ್ ನೋಡಲು ಬಂದ ಮೊದಲ ಗಿರಾಕಿಗೆ ಇದು ಗೊತ್ತಿರಲಿಲ್ಲ. ಎರಡೂವರೆಗೆ ಬಂದವನು ವಾಡೆಯ ಅಂಗಳದಲ್ಲೇ ಎಕ್ಸಲೇಟರ್ ತಿರುವಿದ. ಮೇಲಿನ ಕಿಟಕಿ ತೆರೆಯಿತು. ಮನೆ ಮಾಲಕಿ ಆಜಿ ಅವನಿಗೆ ಅಂದದ್ದನ್ನು ಇಲ್ಲಿ ಬರೆಯಲಾರೆ. ಬೆಲೆಯನ್ನೂ ಕೇಳದೆ ಹೋದ.

ಜರ್ಮನಿಗೆ ಹೊರಡಲು ಎಂಟು ವಾರ ಉಳಿದಿತ್ತು. ಮಂಚ, ಫ್ರಿಜ್, ವಾಷಿಂಗ್ ಮಷೀನು ಒಂದೇ ಭಾನುವಾರ ಖಾಲಿಯಾದವು. ಉಳಿದದ್ದು ಬೈಕ್. 2017ರಲ್ಲಿ ಬೆಳಗಾವಿಯಲ್ಲಿ ಕೊಂಡದ್ದು. 411 ಸಿಸಿ, 68 ಸಾವಿರ ಕಿಲೋಮೀಟರ್ ಓಡಿದೆ. ಖಂಬಾಟಕಿ ಘಾಟು, ಕರಾಡ, ಕೊಲ್ಹಾಪುರ, ನಿಪ್ಪಾಣಿ ದಾಟಿ ಊರಿಗೆ ಹೋಗಿಬಂದದ್ದೇ ಹೆಚ್ಚು. ಒಮ್ಮೆ ಸ್ಪಿತಿಗೂ ಹೋಗಿತ್ತು. ಟ್ಯಾಂಕಿನ ಎಡಬದಿಯ ತಗ್ಗು ಅಲ್ಲಿಯದು: ಕಾಜಾದ ಹತ್ತಿರ ದಾರಿಗೆ ಅಡ್ಡ ಹರಿಯುವ ನೀರಿನಲ್ಲಿ ನಾನು ಬಿದ್ದದ್ದು.

ನಂಬರು ಕೆಎ-22. ಬೇರೆ ರಾಜ್ಯದಲ್ಲಿ 12 ತಿಂಗಳು ಮೀರಿ ಇಟ್ಟ ಗಾಡಿಗೆ ಅಲ್ಲಿಯ ನಂಬರು ಮಾಡಿಸಬೇಕೆಂದು ಮೋಟಾರು ವಾಹನ ಕಾಯ್ದೆಯ 47ನೇ ಕಲಮು ಹೇಳುತ್ತದೆ. ಪುಣೆಯ ಕನ್ನಡಿಗರಲ್ಲಿ ಎಷ್ಟು ಜನ ಮಾಡಿಸಿದ್ದೀರಿ ಎಂದು ಕೇಳುವುದಿಲ್ಲ, ನಾನೂ ಮಾಡಿಸಿರಲಿಲ್ಲ.

ಹಳೇ ಗಾಡಿ ಕೊಳ್ಳುವ ಡೀಲರ್ ಒಬ್ಬರು ಸುಲಭದ ದಾರಿ ತೋರಿಸಿದರು. ಖಾಲಿ ಫಾರ್ಮ್ 29 ಮತ್ತು 30ಕ್ಕೆ ಸಹಿ ಹಾಕಿ, ಎಪ್ಪತ್ತು ಸಾವಿರ ತೆಗೆದುಕೊಂಡು ಹೋಗುವುದು. ಗಿರಾಕಿ ಸಿಕ್ಕಾಗ ಹೆಸರು ಅವರೇ ತುಂಬುತ್ತಾರಂತೆ. ನಾನು ಪೆನ್ನನ್ನೂ ತೆಗೆದಿದ್ದೆ.

ತಡೆದದ್ದು ವಕೀಲ ಗೆಳೆಯ. 2018ರಲ್ಲಿ ಸುಪ್ರೀಂ ಕೋರ್ಟು ನವೀನ್ ಕುಮಾರ್ ಮತ್ತು ವಿಜಯ್ ಕುಮಾರ್ ನಡುವಿನ ಪ್ರಕರಣದಲ್ಲಿ ಕೊಟ್ಟ ತೀರ್ಪನ್ನು ಅವನು ಹೇಳಿದ. ಒಬ್ಬರು 2007ರಲ್ಲಿ ಕಾರು ಮಾರಿದ್ದರು, ಅದು ಕೈಯಿಂದ ಕೈಗೆ ದಾಟಿತ್ತು. 2009ರಲ್ಲಿ ಅಪಘಾತವಾಗಿ ಮಗುವೊಂದು ಸತ್ತಿತು. ಆರ್‌ಟಿಓ ದಾಖಲೆಯಲ್ಲಿ ಮಾತ್ರ ಹೆಸರು ಮೊದಲಿನ ಮಾಲೀಕರದೇ. ಪರಿಹಾರದ ಹೊಣೆ ಅವರ ಮೇಲೇ ಬಿತ್ತು. "ನೀನು ಜರ್ಮನಿಯಲ್ಲಿರುತ್ತೀ, ನೋಟಿಸು ಬೆಳಗಾವಿಯ ಅಪ್ಪನ ಮನೆಗೆ ಬರುತ್ತದೆ" ಅಂದ. ಪೆನ್ನು ಜೇಬಿಗೆ ಹೋಯಿತು.

ಕೊನೆಗೆ ಬಂದವರು ಜತ್ತ ತಾಲೂಕಿನ ದಾಳಿಂಬೆ ಬೆಳೆಗಾರರು, ಐವತ್ತರ ಆಸುಪಾಸಿನವರು. ಮಗಳು ಇದೇ ಪೇಠೆಯಲ್ಲಿದ್ದು ಎಂಪಿಎಸ್‌ಸಿಗೆ ಓದುತ್ತಾಳೆ. ಅವಳನ್ನು ನೋಡಲು ಬಂದಿದ್ದರು. ನಂಬರ್ ಪ್ಲೇಟ್ ನೋಡಿ, "ಕನ್ನಡದವರೇನ್ರಿ?" ಅಂದರು. ಜತ್ತ ಸಾಂಗ್ಲಿ ಜಿಲ್ಲೆಯಲ್ಲಿದ್ದರೂ ಅಲ್ಲಿ ಕನ್ನಡ ಮನೆಮಾತಾಗಿರುವವರು ಬಹಳ. ಮುಂದಿನ ಅರ್ಧ ಗಂಟೆ ಬೈಕಿನ ಮಾತೇ ಬರಲಿಲ್ಲ, ಮಳೆಯದೇ ಆಯಿತು.

ಆಮೇಲೆ ಇದ್ದದ್ದನ್ನೆಲ್ಲ ಹೇಳಿದೆ. ಮುಂದಿನ ಫೋರ್ಕಿನ ಆಯಿಲ್ ಸೀಲ್ ಸೋರುತ್ತದೆ, ಕೋನ್ ಸೆಟ್ ಸವೆದಿದೆ, ಚೈನು ಹೊಸದು.

"ತ್ವಾಟದ ಹಾದಿಗೆ ಇಷ್ಟ್ ಸಾಕ್ರಿ. ಆದ್ರ ಇಲ್ಲಿಯ ಟ್ಯಾಕ್ಸ್ ನಾನ ಕಟ್ಟಬೇಕಲ್ರಿ, ಅದನ್ನ ಬೆಲಿಯೊಳಗ ಹಿಡೀರಿ" ಅಂದರು. ತೊಂಬತ್ತೈದರಿಂದ ಎಂಬತ್ತೆರಡು ಸಾವಿರಕ್ಕೆ ಇಳಿದೆ. ಹೆಸರು ಬದಲಾಗುವವರೆಗೆ ಕಾಗದದ ಕೆಲಸ ಇಬ್ಬರೂ ಸೇರಿ ಮಾಡಬೇಕೆಂಬುದು ನನ್ನ ಷರತ್ತು.

ಮೂರು ವಾರ ತಿಂದದ್ದು ಎನ್‌ಓಸಿ. ಫಾರ್ಮ್ 28 ಬೆಳಗಾವಿ ಆರ್‌ಟಿಓಗೆ ಕೊಡಬೇಕು, ಎನ್‌ಓಸಿ ಮಾತ್ರ ಕೊಳ್ಳುವವರ ಊರಿನ ಕಚೇರಿಯ ಹೆಸರಿಗೆ ಬೇಕು. ಪುಣೆಗೆಂದು ಬರೆಸಿದ್ದರೆ ಮತ್ತೆ ಮೊದಲಿಂದ ಶುರು. ಸಾಲ 2020ರಲ್ಲೇ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೇ ಕುಳಿತಿತ್ತು. ಅದನ್ನು ತೆಗೆಸಲು ಫಾರ್ಮ್ 35. ಹೆಲ್ಮೆಟ್ಟಿಲ್ಲದೆ ಟಿಳಕ ರಸ್ತೆಯಲ್ಲಿ ಹಾಲು ತರಲು ಹೋದ ಎರಡು ಇ-ಚಲನ್ ಕಟ್ಟಿದೆ. ಹೊರಡುವ ತಾರೀಖು ಗೊತ್ತಾದ ದಿನವೇ ಆರ್‌ಸಿ ತೆಗೆದು ನೋಡಿದ್ದರೆ ಈ ಓಡಾಟ ಅರ್ಧವಾಗುತ್ತಿತ್ತು.

ಅವರು ಒಯ್ಯಲು ಬಂದ ದಿನ ಬಸ್ಸು ತಡವಾಗಿ ಮಧ್ಯಾಹ್ನ ಎರಡಾಗಿತ್ತು. ಕೊಟ್ಟ ತಾರೀಖು, ವೇಳೆ ಬರೆದ ಕಾಗದಕ್ಕೆ ಇಬ್ಬರೂ ಸಹಿ ಹಾಕಿದೆವು. ಅವರು ಕೀಲಿ ತಿರುವಲು ಹೋದಾಗ ನಾನು ಮೇಲಿನ ಕಿಟಕಿ ತೋರಿಸಿದೆ. ಇನ್ನೂರು ಕೆಜಿ ಹತ್ತಿರದ ಗಾಡಿಯನ್ನು ಇಬ್ಬರೂ ತಳ್ಳಿಕೊಂಡು ರಸ್ತೆಯ ತಿರುವಿನವರೆಗೆ ಹೋದೆವು.

ನಾನು ಹೊರಡುವ ಮೂರು ದಿನ ಮೊದಲು ಎಂಎಚ್-10 ನಂಬರಿನ ಆರ್‌ಸಿಯ ಫೋಟೋ ಕಳಿಸಿದರು. ಜೊತೆಗೆ ಇನ್ನೊಂದು ಫೋಟೋ: ಸ್ಪಿತಿಗೆಂದು ನಾನು ಹಾಕಿಸಿದ್ದ ಕ್ಯಾರಿಯರ್ ಮೇಲೆ ಎರಡು ಕ್ರೇಟ್ ದಾಳಿಂಬೆ. ಆಯಿಲ್ ಸೀಲ್ ಇನ್ನೂ ಸೋರುತ್ತಿತ್ತು.