ಇನ್ನೊಂದೇ ಆಟ, ಇನ್ನೈವತ್ತೇ ಅಡಿ

ನಮ್ಮ ಬ್ರಹ್ಮಸಮುದ್ರ, ಕಲ್ಯಾಣದುರ್ಗದ ಕಡೆ ಬೋರು ಕೊರೆಸುವುದನ್ನು ನೋಡದ ಮಕ್ಕಳಿಲ್ಲ. 300 ಅಡಿವರೆಗೆ ಬರೀ ಧೂಳು. ಆಮೇಲೆ ಸ್ವಲ್ಪ ತೇವ ಕಂಡಿತು ಅನ್ನಿ, "ಇನ್ನೈವತ್ತು ಅಡಿ ಹಾಕಿಸೋಣ" ಅಂತಾರೆ. ಪಕ್ಕದ ಹೊಲದಲ್ಲಿ ನೀರು ಬಿದ್ದಿದ್ದರಂತೂ ನಿಲ್ಲಿಸುವ ಮಾತೇ ಇಲ್ಲ. ಸಿಗುವುದೇ ಇಲ್ಲ ಎಂದು ಗೊತ್ತಿದ್ದರೆ ಯಾರೂ ಬೋರಿನ ಲಾರಿ ಕರೆಸುವುದಿಲ್ಲ. ಸಿಗಬಹುದು, ಸಿಗದೆಯೂ ಇರಬಹುದು ಎನ್ನುವಾಗಲೇ ಕೈ ಬಿಡಲು ಆಗುವುದಿಲ್ಲ.

ಇದು ನೆನಪಾದದ್ದು ದಸರಾ ರಜೆಯಲ್ಲಿ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ನೋಡಲು ಬಂದಿದ್ದ. ದೂರದ ಊರಿನಲ್ಲಿ ಹಾಸ್ಟೆಲಿನಲ್ಲಿದ್ದು ಡಿಗ್ರಿ ಓದುತ್ತಿದ್ದಾನೆ. ಕಣ್ಣು ಕೆಂಪಗಿತ್ತು, ನಾಲ್ಕು ವಿಷಯ ಬಾಕಿ ಉಳಿದಿದ್ದವು. ರಾತ್ರಿ ಪೂರ್ತಿ ಫೋನಿನಲ್ಲಿ ಆಟ. "ನಿಲ್ಲಿಸಬೇಕು ಅಂತಾನೇ ಕೂತ್ಕೋತೀನಿ ಸಾರ್, ಇನ್ನೊಂದೇ ಆಟ ಅಂತ ಬೆಳಗಾಗಿಬಿಡುತ್ತೆ" ಅಂದ.

ಮನಸ್ಸು ಗಟ್ಟಿ ಇಲ್ಲ ಎಂದು ಬೈಯುವುದು ಸುಲಭ. ಮೆದುಳಿನಲ್ಲಿ ಏನಾಗುತ್ತದೆ ನೋಡೋಣ. ಡೋಪಮೈನ್ ಎಂಬ ರಾಸಾಯನಿಕದ ಹೆಸರು ನೀವು ಕೇಳಿರಬಹುದು. ಅದನ್ನು "ಸಂತೋಷದ ರಾಸಾಯನಿಕ" ಎಂದು ಬರೆಯುತ್ತಾರೆ, ಅದು ಅಷ್ಟು ಸರಿಯಲ್ಲ. ವೋಲ್ಫ್ರಾಮ್ ಶುಲ್ಟ್ಸ್ ಎಂಬ ವಿಜ್ಞಾನಿ ಕೋತಿಗಳಿಗೆ ಒಂದು ಗುರುತು ತೋರಿಸಿ, ನಂತರ ಹಣ್ಣಿನ ರಸದ ಹನಿ ಕೊಡುತ್ತಿದ್ದರು. ಮೊದಮೊದಲು ರಸ ಸಿಕ್ಕಾಗ ಡೋಪಮೈನ್ ನರಕೋಶಗಳು ಚುರುಕಾಗುತ್ತಿದ್ದವು. ಅಭ್ಯಾಸವಾದ ಮೇಲೆ ಗುರುತು ಕಂಡ ಕೂಡಲೇ ಚುರುಕಾದವು. ರಸ ಬಂದಾಗ ಸುಮ್ಮನಿದ್ದವು! ಅಂದರೆ ಮೆದುಳು ಲೆಕ್ಕ ಹಾಕುವುದು ನಿರೀಕ್ಷೆಯನ್ನು. 2003ರಲ್ಲಿ ಅವರ ತಂಡ ಇನ್ನೊಂದು ಸಂಗತಿ ತೋರಿಸಿತು. ಗುರುತು ಕಂಡು ರಸಕ್ಕಾಗಿ ಕಾಯುವ ಹೊತ್ತಿನಲ್ಲಿ ಈ ನರಕೋಶಗಳ ಚಟುವಟಿಕೆ ಏರುತ್ತಾ ಹೋಗುತ್ತಿತ್ತು. ರಸ ಸಿಗುವ ಸಂಭವ ಶೇಕಡಾ 50 ಇದ್ದಾಗ ಆ ಏರಿಕೆ ಅತಿ ಹೆಚ್ಚು. ನಾಣ್ಯ ಮೇಲೆ ಹಾರಿಸಿ ಕಾಯುವ ಹಾಗೆ.

ಫೋನಿನ ಆಟಗಳಲ್ಲಿ ಇದೇ ಕೆಲಸ ಮಾಡುತ್ತದೆ. ಬಹುಮಾನದ ಪೆಟ್ಟಿಗೆಯಲ್ಲಿ ಏನಿದೆ ಎಂದು ತೆರೆಯುವವರೆಗೆ ತಿಳಿಯುವುದಿಲ್ಲ. ಸ್ವಲ್ಪದರಲ್ಲೇ ಸೋತೆ ಅನಿಸುತ್ತದೆ. ಹೊತ್ತು ಮುಳುಗಿದರೆ ಕಬಡ್ಡಿ ನಿಲ್ಲುತ್ತದೆ, ಇದಕ್ಕೆ ಹೊತ್ತೇ ಮುಳುಗುವುದಿಲ್ಲ. ಬೋರಿಗೂ ಇದಕ್ಕೂ ಒಂದು ವ್ಯತ್ಯಾಸವಿದೆ. ನಮ್ಮನ್ನು ಕೂರಿಸಿಕೊಳ್ಳಬೇಕೆಂದು ಭೂಮಿ ನೀರನ್ನು ಬಚ್ಚಿಟ್ಟಿಲ್ಲ. ಆಟದಲ್ಲಿ ಬಹುಮಾನ ಎಷ್ಟು ಹೊತ್ತಿಗೊಮ್ಮೆ ಬರಬೇಕು ಎಂದು ಕೂತು ಲೆಕ್ಕ ಹಾಕಿದವರಿದ್ದಾರೆ.

ಹಾಗಂತ ಆಡುವವರೆಲ್ಲ ರೋಗಿಗಳಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯ 11ನೇ ಆವೃತ್ತಿಗೆ 2019ರಲ್ಲಿ ಒಪ್ಪಿಗೆ ಸಿಕ್ಕಿತು, ಅದರಲ್ಲಿ ಆಟದ ಚಟವೂ ಸೇರಿದೆ. ಆಟ ಹತೋಟಿಗೆ ಸಿಗದಿರುವುದು, ಉಳಿದೆಲ್ಲಕ್ಕಿಂತ ಅದೇ ಮುಖ್ಯವಾಗುವುದು, ಹಾನಿ ಕಂಡರೂ ಮುಂದುವರಿಸುವುದು. ಸಾಮಾನ್ಯವಾಗಿ 12 ತಿಂಗಳು ಹೀಗಿದ್ದರೆ ಅದು ಕಾಯಿಲೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕಾಗಿಯೇ 2014ರಿಂದ 'ಶಟ್' ಎಂಬ ಕ್ಲಿನಿಕ್ ಇದೆ.

ಆದರೆ ಆ ಹುಡುಗ ಹೇಳಿದ ಇನ್ನೊಂದು ಮಾತು ಯಾವ ಪಟ್ಟಿಯಲ್ಲೂ ಇಲ್ಲ. ಹತ್ತನೇ ತರಗತಿವರೆಗೆ ಕನ್ನಡದಲ್ಲಿ ಓದಿದವನು. ಕಾಲೇಜಿನಲ್ಲಿ ಪಾಠವೆಲ್ಲ ಇಂಗ್ಲಿಷ್, ಹಾಸ್ಟೆಲಿನಲ್ಲಿ ಜೊತೆಯವರೆಲ್ಲ ತೆಲುಗು. "ಕ್ಲಾಸಲ್ಲಿ ಬಾಯಿ ಬಿಟ್ಟರೆ ನಗ್ತಾರೆ ಸಾರ್. ಆಟದಲ್ಲಿ ಟೀಮಿಗೆ ನಾನೇ ಲೀಡರ್." ಇದನ್ನು ಕೇಳಿದ ಮೇಲೆ ಫೋನ್ ಕಿತ್ತುಕೋ ಎಂದು ಅವನ ಅಪ್ಪನಿಗೆ ಹೇಳಲು ನನಗೆ ಬಾಯಿ ಬರಲಿಲ್ಲ. ನಾಳೆ ನಿಮ್ಮಲ್ಲೂ ಹಲವರು ಅದೇ ಬೆಂಚಿನಲ್ಲಿ ಕೂರುವವರು.

ಸರ್ಕಾರದ ಟೆಲಿ ಮಾನಸ್ ಸಂಖ್ಯೆ 14416 ಅವನಿಗೆ ಬರೆದುಕೊಟ್ಟೆ. ಹಣ ಕೊಡಬೇಕಿಲ್ಲ, ಕನ್ನಡದಲ್ಲೂ ಮಾತಾಡಬಹುದು. ಎರಡು ಸಲ ಮಾತಾಡಿದನಂತೆ. ಈಗ ರಾತ್ರಿ ಹತ್ತಕ್ಕೆ ಫೋನನ್ನು ರೂಮಿನ ಗೆಳೆಯನ ಕೈಗೆ ಕೊಡುತ್ತಾನೆ. ಕೆಲವು ದಿನ ಕೊಡುವುದಿಲ್ಲ, ಅದನ್ನೂ ಅವನೇ ಹೇಳಿದ. ಹೋದ ವಾರ ಫೋನ್ ಮಾಡಿ ಭೌತಶಾಸ್ತ್ರದ ಕನ್ನಡ ಪುಸ್ತಕ ಇದ್ದರೆ ಕಳಿಸಿ ಸಾರ್, ಇಂಗ್ಲಿಷಿನ ಪಕ್ಕದಲ್ಲಿಟ್ಟುಕೊಂಡು ಓದುತ್ತೇನೆ ಅಂದ. ನನ್ನ ಬಿಎಸ್ಸಿ ಕಾಲದ್ದು ಒಂದಿತ್ತು, ರಟ್ಟು ಕಿತ್ತುಹೋಗಿದೆ. ಅಂಟಿಸಿ ಬಸ್ಸಿನವರ ಕೈಲಿ ಕಳಿಸಿದೆ.