ಪಗ್ ನಾಯಿಯ ಆರೋಗ್ಯಪಾಲನೆ

ಮಾನವನ ಸಹವಾಸಕ್ಕೆ ಮೊಟ್ಟಮೊದಲು ಬಂದ ಪ್ರಾಣಿ ನಾಯಿ. ಅಮರಕೋಶವು ಅದಕ್ಕೆ ಸಾರಮೇಯ, ಶುನಕ ಎಂಬುವುಗಳೊಡನೆ ಮೃಗದಂಶಕ, ಕೌಲೇಯಕ ಎಂಬ ಹೆಸರುಗಳನ್ನೂ ಕೊಡುತ್ತದೆ. ಬೇಟೆಯ ಮೃಗವನ್ನು ಕಚ್ಚಿ ಹಿಡಿಯುವುದು ಮೃಗದಂಶಕ, ಕುಲೀನವಾದುದು ಕೌಲೇಯಕ. ನೀಳ ಮೂತಿಯ ನಮ್ಮ ಮುಧೋಳ ನಾಯಿಗೆ ಮೊದಲನೆಯ ಹೆಸರು ಒಪ್ಪುತ್ತದೆ; ಚಪ್ಪಟೆ ಮೋರೆಯ ಪಗ್ ನಾಯಿಗೆ ಒಪ್ಪುವುದು ಎರಡನೆಯದು ಮಾತ್ರ. ಅದರ ವ್ಯಾಧಿಗಳ ಮೂಲವೂ ಆ ಕುಲದಲ್ಲಿಯೇ ಇದೆಯೆಂಬುದನ್ನು ವಿವರಿಸಿ, ಪಾಲನೆಯ ಕ್ರಮವನ್ನು ತಿಳಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಪಗ್ ಮೂಲತಃ ಚೀನಾ ದೇಶದ್ದು. ಅಲ್ಲಿಂದ ಯೂರೋಪನ್ನು ಸೇರಿತು. 2003ರಲ್ಲಿ ಹಚ್ ದೂರವಾಣಿ ಸಂಸ್ಥೆಗಾಗಿ ಬೆಂಗಳೂರಿನ ನಿರ್ವಾಣ ಫಿಲಂಸ್ ತಯಾರಿಸಿದ ಜಾಹೀರಾತಿನಲ್ಲಿ, ಬಾಲಕನೊಬ್ಬನನ್ನು ಎಡೆಬಿಡದೆ ಹಿಂಬಾಲಿಸಿದ ಪಗ್ ನಾಡಿನ ಮನಸ್ಸನ್ನು ಗೆದ್ದಿತು. ಹೊಲ, ಕಣ, ಕೊಟ್ಟಿಗೆಗಳನ್ನು ಕಾಯುವ ನಾಯಿಗಳನ್ನಷ್ಟೇ ಬಲ್ಲ ಸೂಲಿಬೆಲೆಯಂತಹ ಊರುಗಳವರಿಗೂ ಈ ಪುಟ್ಟ ಪ್ರಾಣಿ ಪರಿಚಿತವಾಯಿತು. ಆದರೆ ರೂಪಕ್ಕೆ ಮರುಳಾದಷ್ಟು ನಾವು ಅದರ ಕಷ್ಟವನ್ನು ಅರಿಯಲಿಲ್ಲ.

ಮೋರೆ ಚಪ್ಪಟೆಯಾದಷ್ಟೂ ಸೊಗಸೆಂದು ಭಾವಿಸಿದ ಮನುಷ್ಯನು, ತಲೆಮಾರುಗಳ ಕಾಲ ಅಂತಹ ನಾಯಿಗಳನ್ನೇ ಕೂಡಿಸಿ ಮರಿ ಪಡೆದನು. ಮೂಳೆ ಗಿಡ್ಡವಾಯಿತು, ಒಳಗಿನ ಮಾಂಸ ಅದಕ್ಕೆ ತಕ್ಕಂತೆ ಕುಗ್ಗಲಿಲ್ಲ. ಮೂಗಿನ ಹೊಳ್ಳೆಗಳು ಕಿರಿದಾದವು. ಮೃದುವಾದ ಅಂಗುಳವು ಗಂಟಲಿಗೆ ಇಳಿಬಿದ್ದು ಉಸಿರಿನ ದಾರಿಯನ್ನು ಅಡ್ಡಗಟ್ಟಿತು. ಮನೆಯವರು ಮುದ್ದೆಂದು ನಗುವ ಆ ಗೊರಕೆ ವಾಸ್ತವದಲ್ಲಿ ಉಸಿರಿಗಾಗಿ ನಡೆಯುವ ಹೋರಾಟ.

ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ಏದುಸಿರಿನಿಂದಲೇ ಅದು ಮೈಯ ಕಾವನ್ನು ಹೊರಹಾಕಬೇಕು. ಆ ದಾರಿಯೇ ಇಕ್ಕಟ್ಟಾದ ಪಗ್‌ಗೆ ಬೇಸಗೆಯು ಪ್ರಾಣಾಂತಿಕ. ಆದುದರಿಂದ ಮುಂಜಾನೆ ಇಲ್ಲವೆ ಸೂರ್ಯಾಸ್ತದ ನಂತರ ಮಾತ್ರ ಅದನ್ನು ನಡೆದಾಡಿಸಬೇಕು. ಬಾಗಿಲು ಮುಚ್ಚಿದ ಕಾರಿನಲ್ಲಿ ಕ್ಷಣಕಾಲವೂ ಬಿಡಕೂಡದು. ಆರೋಗ್ಯವಂತ ನಾಯಿಯ ಮೈಕಾವು ಸುಮಾರು 38ರಿಂದ 39 ಡಿಗ್ರಿ ಸೆಲ್ಸಿಯಸ್. ಅದು 41ನ್ನು ದಾಟಿದರೆ ಜೀವಕ್ಕೆ ಅಪಾಯ. ವಿಪರೀತ ಏದುಸಿರು, ನೀಲಿಗಟ್ಟಿದ ನಾಲಗೆ, ತೂರಾಟ ಕಂಡೊಡನೆ ನೆರಳಿಗೆ ತಂದು, ಮೈಮೇಲೆ ತಣ್ಣೀರು ಸುರಿದು, ಗಾಳಿ ಬೀಸುತ್ತ ಪಶುವೈದ್ಯರಲ್ಲಿಗೆ ಕೊಂಡೊಯ್ಯಬೇಕು. ಬಾಯಿಗೆ ಬಲವಂತವಾಗಿ ನೀರು ಹೊಯ್ಯಬಾರದು.

ಕೊಬ್ಬು ಉಸಿರಿನ ಕಷ್ಟವನ್ನು ಇಮ್ಮಡಿಸುತ್ತದೆ. ಬೆಳೆದ ಪಗ್‌ನ ತೂಕ 6ರಿಂದ 8 ಕಿಲೋಗ್ರಾಂ ಇದ್ದರೆ ಸಾಕು. ಸವರಿದಾಗ ಪಕ್ಕೆಲುಬು ಕೈಗೆ ತಿಳಿಯಬೇಕು. ದ್ರಾಕ್ಷಿ ಬೆಳೆಯುವ ನಮ್ಮ ಸೀಮೆಯವರು ಒಂದನ್ನು ನೆನಪಿಡಬೇಕು: ದ್ರಾಕ್ಷಿಯಿಂದ ನಾಯಿಯ ಮೂತ್ರಪಿಂಡ ಕೆಡಬಹುದು. ಈರುಳ್ಳಿ, ಚಾಕೊಲೇಟುಗಳೂ ವಿಷಸಮಾನ. ಕೊರಳಪಟ್ಟಿ ಗಂಟಲನ್ನು ಒತ್ತುವುದರಿಂದ ಎದೆಗೆ ಕಟ್ಟುವ ಪಟ್ಟಿಯೇ ಲೇಸು.

ಕಣ್ಣಿನ ಕುಳಿ ಆಳವಿಲ್ಲದ ಕಾರಣ ಗುಡ್ಡೆಗಳು ಹೊರಚಾಚಿರುತ್ತವೆ; ಸಣ್ಣ ಗೀರೂ ಹುಣ್ಣಾಗಿ ದೃಷ್ಟಿಯನ್ನು ಕಳೆಯಬಲ್ಲುದು. ಕಣ್ಣು ಕೆಂಪಾದರೆ, ಮುಚ್ಚಿಕೊಂಡೇ ಇದ್ದರೆ, ಅಂದೇ ವೈದ್ಯರಿಗೆ ತೋರಿಸಬೇಕು. ಮುಖದ ನೆರಿಗೆಗಳಲ್ಲಿ ತೇವ ನಿಂತು ಚರ್ಮ ಕೊಳೆಯುವುದರಿಂದ ಅವನ್ನು ಒರೆಸಿ ಒಣಗಿಸುತ್ತಿರಬೇಕು. ಗಿಡ್ಡ ದವಡೆಯಲ್ಲಿ 42 ಹಲ್ಲುಗಳು ಇಕ್ಕಟ್ಟಾಗಿರುವುದರಿಂದ ಹಲ್ಲುಜ್ಜುವುದೂ ಅವಶ್ಯಕ. ರೇಬೀಸ್ ಲಸಿಕೆಯನ್ನಂತೂ ಯಾವ ನಾಯಿಗೂ ತಪ್ಪಿಸುವಂತಿಲ್ಲ.

ಉಸಿರಾಟ ತೀರ ಕಷ್ಟವಾದಲ್ಲಿ ಹೊಳ್ಳೆಗಳನ್ನು ಹಿಗ್ಗಿಸುವ, ಅಂಗುಳವನ್ನು ಮೊಟಕುಗೊಳಿಸುವ ಶಸ್ತ್ರಚಿಕಿತ್ಸೆಗಳುಂಟು. ಆದರೆ ಈ ತಳಿಗೆ ಅರಿವಳಿಕೆಯೂ ಅಪಾಯಕರವಾದುದರಿಂದ ಅನುಭವಿಗಳ ಕೈಯೇ ಬೇಕು. 1958ರಲ್ಲಿ ಸ್ಥಾಪಿತವಾದ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ನಮಗೆ ದೂರವೇನಲ್ಲ.

ಚಿಕಿತ್ಸೆಯಿಂದ ಒಂದು ನಾಯಿಯ ನೋವು ತಗ್ಗೀತು. ಕುಲದ ನೋವು ತಗ್ಗಬೇಕಾದರೆ ಕೊಳ್ಳುವವರ ಅಭಿರುಚಿ ತಿದ್ದಬೇಕು. ಉಸಿರಿಗೆ ಹೆಣಗುವ ನಾಯಿಯಿಂದ ಮರಿ ಪಡೆಯಬಾರದು. ಅತಿ ಚಪ್ಪಟೆ ಮೋರೆಯ ಮರಿಯನ್ನು ಬಯಸಿ ಹಣ ತೆರಬಾರದು. ಮನೆಗೆ ಈಗಾಗಲೇ ಬಂದಿರುವ ಮೂಕಪ್ರಾಣಿಯನ್ನಾದರೋ ಕೊನೆಯವರೆಗೆ ಜತನದಿಂದ ಸಲಹುವುದು ನಮ್ಮ ಹೊಣೆ. ಅದರ ರೂಪವನ್ನು ಅದು ತಾನೇ ಆರಿಸಿಕೊಂಡುದಲ್ಲ; ಮನುಷ್ಯನು ಆರಿಸಿಕೊಟ್ಟುದು.