ಹೊಳೆಯ ಹುಲ್ಲು ಮೇಯುವ ಹರಗಿ

ನೆಲದ ಮೇಲೆ ಹಸು, ಜಿಂಕೆಗಳು ಹುಲ್ಲು ಮೇಯುವಂತೆ ನೀರಿನಲ್ಲಿಯೂ ಸಸ್ಯಗಳನ್ನು ತಿಂದು ಬದುಕುವ ದೊಡ್ಡ ಮೀನುಗಳಿವೆ. ಉಷ್ಣವಲಯದ ಕಡಲುಗಳ ಹವಳದ ದಿಬ್ಬಗಳಲ್ಲಿ ಗಿಳಿಮೀನು ಈ ಕೆಲಸವನ್ನು ಮಾಡುತ್ತದೆ. ಬಂಡೆಗೆ ಹತ್ತಿದ ಪಾಚಿಯನ್ನು ಅದು ಕೊಕ್ಕಿನಂತಹ ಹಲ್ಲುಗಳಿಂದ ಕೆರೆದು ತಿನ್ನುವುದರಿಂದ ಹವಳಕ್ಕೆ ಬೆಳೆಯಲು ಎಡೆ ದೊರೆಯುತ್ತದೆ. ಕನ್ನಡ ನಾಡಿನ ಸಿಹಿನೀರಿನಲ್ಲಿ ಇಂತಹ ಕೆಲಸ ಮಾಡುವ ಮೀನೆಂದರೆ ಹರಗಿ.

ಹರಗಿಯು ಗೆಂಡೆಮೀನಿನ ಬಳಗಕ್ಕೆ ಸೇರಿದುದು. ಫ್ರಾನ್ಸಿಸ್ ಡೇ ಎಂಬ ವಿಜ್ಞಾನಿ 1870ರಲ್ಲಿ ಇದನ್ನು ವರ್ಣಿಸಿ, ಲ್ಯಾಟಿನ್ ಭಾಷೆಯಲ್ಲಿ ‘ಚೆಲುವಾದುದು’ ಎಂಬರ್ಥದ ‘ಪಲ್ಚೆಲ್ಲಸ್’ ಎಂಬ ಹೆಸರನ್ನಿಟ್ಟನು. ಇದರ ದವಡೆಯಲ್ಲಿ ಹಲ್ಲುಗಳಿಲ್ಲ. ಗಂಟಲಿನಲ್ಲಿರುವ ಹಲ್ಲುಗಳೇ ಎಲೆಗಳನ್ನು ಅರೆಯುತ್ತವೆ. ಹೀಗೆ ನೀರಿನ ಕಳೆಯು ಮಿತಿಮೀರದೆ ಉಳಿಯುತ್ತದೆ. ಮೀನಿನ ಮಲವು ಸೂಕ್ಷ್ಮಜೀವಿಗಳಿಗೆ ಆಹಾರವಾಗುತ್ತದೆ.

ಚಿಕ್ಕಮಗಳೂರು ಜಿಲ್ಲೆಯ ಗಂಗಾಮೂಲದಲ್ಲಿ ಹುಟ್ಟುವ ತುಂಗೆಯು ಶೃಂಗೇರಿಯನ್ನೂ, ಭದ್ರೆಯು ಕಳಸವನ್ನೂ ಹಾದು, ಶಿವಮೊಗ್ಗದ ಬಳಿಯ ಕೂಡಲಿಯಲ್ಲಿ ಸಂಗಮಿಸುತ್ತವೆ. ಈ ನದಿಗಳ ನೀರನ್ನೇ ಪಡೆಯುವ ತುಂಗಭದ್ರಾ ಜಲಾಶಯದಲ್ಲಿ ಒಮ್ಮೆ ಬೆಸ್ತರ ಬಲೆಗೆ ಧಾರಾಳವಾಗಿ ದೊರೆಯುತ್ತಿದ್ದ ಹರಗಿಯು ಕ್ರಮೇಣ ವಿರಳವಾಯಿತು. ಇಂದು ಅದು ಅಳಿವಿನ ಅಂಚಿನಲ್ಲಿರುವ ಮೀನುಗಳ ಸಾಲಿಗೆ ಸೇರಿದೆ.

ಹೊಳೆಯ ಮೀನುಗಳಿಗೆ ಒದಗುವ ಆಪತ್ತುಗಳು ಹಲವು. ಅಣೆಕಟ್ಟುಗಳು ಅವುಗಳ ಸಂಚಾರವನ್ನು ತಡೆಯುತ್ತವೆ. ಸಿಡಿಮದ್ದು ಸಿಡಿಸಿದರೆ ಮರಿಗಳೂ ಸಾಯುತ್ತವೆ. ಕಾಫಿಹಣ್ಣಿನ ಸಿಪ್ಪೆ ಬಿಡಿಸಿ ತೊಳೆದ ನೀರನ್ನು ಶುದ್ಧಗೊಳಿಸದೆ ಹಳ್ಳಕ್ಕೆ ಬಿಟ್ಟರೆ, ಅದು ಕೊಳೆಯುವಾಗ ನೀರಿನಲ್ಲಿರುವ ಆಮ್ಲಜನಕವು ಕುಗ್ಗುತ್ತದೆ. ಸಿಪ್ಪೆ ಬಿಡಿಸುವ ಕೆಲಸವು ಮಳೆಗಾಲದ ನಂತರ, ಹೊಳೆಯ ಹರಿವು ಇಳಿಯುತ್ತಿರುವಾಗ ನಡೆಯುವುದರಿಂದ ಹಾನಿ ಇನ್ನೂ ಹೆಚ್ಚು.

ನೀರಿನ ಕಳೆಯನ್ನು ತಿನ್ನುವುದಕ್ಕಾಗಿ ಹೆಸರಾದ ಹುಲ್ಲುಗೆಂಡೆಯನ್ನು 1959ರಲ್ಲಿ ಹೊರದೇಶದಿಂದ ಭಾರತಕ್ಕೆ ತರಲಾಯಿತು. ಅದೇ ಗುಣವುಳ್ಳ ಮೀನು ನಮ್ಮ ಹೊಳೆಗಳಲ್ಲಿಯೇ ಇದ್ದಿತೆಂಬುದು ಮನನೀಯ ಸಂಗತಿ. ಬೆಂಗಳೂರಿನ ಬಳಿಯ ಹೆಸರಘಟ್ಟದ ಕೇಂದ್ರದಲ್ಲಿ ವಿಜ್ಞಾನಿಗಳು ಹರಗಿಯನ್ನು ಸಾಕಿ, ಮರಿ ಮಾಡಿಸುವುದರಲ್ಲಿ ಯಶಸ್ವಿಯಾಗಿದ್ದಾರೆ. ಆದರೆ ಕೊಳದಲ್ಲಿ ಬೆಳೆದ ಮರಿಗೆ ಮರಳಲು ನಿರ್ಮಲವಾದ ಹೊಳೆ ಬೇಕು. ಶೃಂಗೇರಿಯ ಮಠದ ಸ್ನಾನಘಟ್ಟದಲ್ಲಿ ಮೀನು ಹಿಡಿಯುವುದನ್ನು ನಿಷೇಧಿಸಿರುವುದರಿಂದ ಅಲ್ಲಿ ದೊಡ್ಡ ಮೀನುಗಳು ನಿರ್ಭಯವಾಗಿ ಈಜುತ್ತವೆ. ಒಂದು ಘಟ್ಟಕ್ಕೆ ದೊರೆತ ಈ ರಕ್ಷಣೆಯು ಇಡೀ ಹೊಳೆಗೆ ದೊರೆಯುವಂತಾದರೆ ಹರಗಿಯೂ ಉಳಿದೀತು.